ಮೂರು ಫ್ರೇಮಿನಲ್ಲಿ ಬಿದ್ದ ಡಬ್ಬಿ

ಬೆಳಿಗ್ಗೆ ಹತ್ತೂವರೆಗೆ ದರ್ಜಿ ತನ್ನ ಅಂಗಡಿಯ ಮುಂದೆ ಬಿದ್ದು ನರಳುತ್ತಿದ್ದ. ಬಲಭುಜ ಮುರಿದಿತ್ತು. ಪಕ್ಕದಲ್ಲಿ ಒಡೆದ ಬಣ್ಣದ ಡಬ್ಬಿ, ಮೆಟ್ಟಿಲಿನವರೆಗೂ ಹರಿದ ನೀಲಿ ಬಣ್ಣ. ಅಂಗುಲ ಆಚೀಚೆಯಾಗಿದ್ದರೆ ತಲೆಯೇ ಒಡೆಯುತ್ತಿತ್ತು.

ಕತ್ತೆತ್ತಿ ನೋಡಿದರೆ ಎರಡನೇ ಮಹಡಿಯ ಎತ್ತರದಲ್ಲಿ, ಕಟ್ಟಿದ ಹಲಗೆಯ ಮೇಲೆ, ಪೇಂಟರ್. ಡಬ್ಬಿ ಅವನದೇ. ದರ್ಜಿ ಅವನ ಅಕ್ಕನ ಗಂಡ. ಕೋಟಿನ ತೋಳು ಒಂದು ಉದ್ದ, ಒಂದು ಗಿಡ್ಡ ಹೊಲಿದುಕೊಟ್ಟನೆಂದು ಆರು ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಇನ್ನೇನು ಬೇಕು? ಪೇಂಟರನನ್ನು ಠಾಣೆಗೆ ತಂದು ಕೂರಿಸಿದೆವು.

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಮೆಟ್ಟಿಲ ಕೆಳಗಿಟ್ಟಿದ್ದ ಡಬ್ಬಿಗಳಲ್ಲಿ ಒಂದು ಹಿಂದಿನ ದಿನವೇ ಕಾಣೆಯಾಗಿತ್ತು, ಬಿದ್ದದ್ದು ಅದೇ, ಗೋಡೆಗೆ ಮುಖ ಮಾಡಿದ್ದ ತನಗೆ ಎಲ್ಲಿಂದ ಬಂತೋ ಕಾಣಲಿಲ್ಲ — ಪೇಂಟರನದು ಇದೊಂದೇ ಪಲ್ಲವಿ. ಅವನ ಅಕ್ಕ ಬಂದು ಒಮ್ಮೆ ತಮ್ಮನನ್ನು ಬೈದಳು, ಒಮ್ಮೆ ನಮ್ಮನ್ನು. ಕಟ್ಟಡದ ಸಂಘದ ಕಾರ್ಯದರ್ಶಿ ದಿನಕ್ಕೆರಡು ಸಲ ಬಂದು, ಕೇಸು ಯಾವಾಗ ಮುಗಿಸುತ್ತೀರಿ ಎಂದು ತಲೆ ತಿಂದ. ಪೇಂಟರ್ ನಿಂತಿದ್ದ ಜಾಗದಿಂದ ಮೇಲಕ್ಕೆ ಆ ಗೋಡೆಯಲ್ಲಿ ಕಿಟಕಿಯೇ ಇಲ್ಲ. ತುದಿಯಲ್ಲಿ, ನಾಲ್ಕನೇ ಮಹಡಿಯ ಮೇಲೆ, ತಾರಸಿ. ಅದಕ್ಕೆ ತಿಂಗಳಿಂದ ಬೀಗ, ಕೀಲಿ ತನ್ನೊಬ್ಬನ ಜೇಬಿನಲ್ಲಿ ಎಂದು ಕಾರ್ಯದರ್ಶಿಯೇ ಹೇಳಿಕೆ ಬರೆಸಿದ್ದ.

ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಕ್ಯಾಮೆರಾ ಇತ್ತು. ಅದರಲ್ಲಿ ಕಿಟಕಿಯಾಚೆ ನೀಲಿ ಗೆರೆಯೊಂದು ಸರ್ರನೆ ಇಳಿದಿತ್ತು, ಅಷ್ಟೆ. ನಿರುಪಯುಕ್ತ ಎಂದು ನಾನೇ ಷರಾ ಬರೆದಿದ್ದೆ.

ನಾಲ್ಕನೇ ದಿನ ಇನ್‌ಸ್ಪೆಕ್ಟರ್ ಮೇಡಂ ಅದನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿದರು. ಟೇಪು ಕೊಟ್ಟು ಕಿಟಕಿ ಅಳೆದು ಬಾ ಎಂದು ನನ್ನನ್ನು ಓಡಿಸಿದರು. ಆಮೇಲೆ ಕಾರ್ಯದರ್ಶಿಯನ್ನು ಕರೆಸಿದರು.

"ಕಿಟಕಿ ಒಂದೂವರೆ ಮೀಟರ್. ಕ್ಯಾಮೆರಾ ಸೆಕೆಂಡಿಗೆ ಮೂವತ್ತು ಫ್ರೇಮ್ ತೆಗೆಯುತ್ತೆ. ಪೇಂಟರ್ ಕೈಯಿಂದ ಜಾರಿದ್ರೆ ಡಬ್ಬಿ ಕಿಟಕಿ ದಾಟೋಕೆ ಆರು ಫ್ರೇಮ್ ಬೇಕಿತ್ತು. ತಗೊಂಡಿದ್ದು ಮೂರೇ. ಯಾಕೆ?"

"ತುಂಬಿದ ಡಬ್ಬಿ ಮೇಡಂ. ಭಾರ ಇದ್ದದ್ದು ಬೇಗ ಬೀಳುತ್ತೆ."

ಮೇಡಂ ನಿಟ್ಟುಸಿರಿಟ್ಟರು. ಅದೇ ಮಾತನ್ನು ಬೆಳಿಗ್ಗೆ ನಾನೂ ಹೇಳಿ ಬೈಸಿಕೊಂಡಿದ್ದೆ. ಅವರು ಎದ್ದು, ಒಂದು ಕೈಯಲ್ಲಿ ಪೇಪರ್‌ವೇಟ್, ಇನ್ನೊಂದರಲ್ಲಿ ಪೆನ್ಸಿಲ್ ಅಳಿಸುವ ರಬ್ಬರ್ ಎತ್ತಿ ಹಿಡಿದು, ಒಟ್ಟಿಗೇ ಬಿಟ್ಟರು. ಎರಡೂ ಒಂದೇ ಸದ್ದಿಗೆ ನೆಲ ಮುಟ್ಟಿದವು.

"ಇನ್ನೊಂದ್ಸಲ ಬಿಡ್ಲಾ?"

"ಸಿಟ್ಟಲ್ಲಿ ಎಸೆದಿರಬೇಕು," ಎಂದ ಕಾರ್ಯದರ್ಶಿ.

ತುಂಬಿದ ಡಬ್ಬಿಯನ್ನು ಆ ವೇಗದಲ್ಲಿ ಎಸೆಯುವುದು ಗುಂಡು ಎಸೆಯುವ ಆಟಗಾರನಿಗೂ ಕಷ್ಟ, ಅಲುಗಾಡುವ ಹಲಗೆಯ ಮೇಲೆ ನಿಂತವನಿಂದ ಆಗದ ಮಾತು ಎಂದರು ಮೇಡಂ. ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡು ಕಳೆದಂತೆಯೂ ಸೆಕೆಂಡಿಗೆ ಹತ್ತು ಮೀಟರಿನಷ್ಟು ಏರುತ್ತಲೇ ಹೋಗುತ್ತದೆ. ಕಿಟಕಿಯ ಬಳಿ ಅಷ್ಟು ವೇಗ, ಅಂದರೆ ಸೆಕೆಂಡಿಗೆ ಹದಿನೈದು ಮೀಟರ್, ಬರಬೇಕಾದರೆ ಡಬ್ಬಿ ಅಲ್ಲಿಂದ ಸುಮಾರು ಹನ್ನೊಂದು ಮೀಟರ್ ಮೇಲಿಂದ ಹೊರಟಿರಬೇಕು.

"ಅಷ್ಟು ಮೇಲೆ ಇರೋದು ತಾರಸಿ ಒಂದೇ. ಬೀಗ ಒಡೆದಿಲ್ಲ. ಕೀಲಿ ನಿಮ್ಮ ಜೇಬಲ್ಲಿ. ನೀವೇ ಬರೆಸಿದ್ದು."

ಕಾರ್ಯದರ್ಶಿ ಒಪ್ಪಿಕೊಂಡ. ತನ್ನ ಮನೆಯ ಗೇಟಿಗೆಂದು ಡಬ್ಬಿ ಎತ್ತಿಕೊಂಡು ಹೋಗಿ ತಾರಸಿಯಲ್ಲಿ ಬಚ್ಚಿಟ್ಟಿದ್ದನಂತೆ. ಒಯ್ಯಲು ಬಂದವನು ಪೇಂಟರ್ ಎಲ್ಲಿದ್ದಾನೆಂದು ಬಗ್ಗಿ ನೋಡುವಾಗ, ಕಟ್ಟೆಯ ಮೇಲಿಟ್ಟಿದ್ದ ಡಬ್ಬಿಗೆ ಮೊಣಕೈ ತಾಗಿತಂತೆ.

"ಬೇಕಂತ ಮಾಡಿದ್ದಲ್ಲ ಮೇಡಂ."

"ಮೊಣಕೈ ತಾಗಿದ್ದು ಬೇಕಂತ ಅಲ್ಲ. ನಾಲ್ಕು ದಿನ ಇನ್ನೊಬ್ಬನನ್ನ ಇಲ್ಲಿ ಕೂರಿಸಿದ್ದು?"

ಪೇಂಟರನನ್ನು ಬಿಟ್ಟೆವು. ಮೇಡಂ ಕ್ಷಮೆ ಕೇಳಿದರು. ಅವನು ಚಪ್ಪಲಿ ಮೆಟ್ಟುತ್ತಾ ಹೇಳಿದ: "ನಂದಲ್ಲ ಅಂತ ಮೊದಲ್ನೇ ದಿನಾನೇ ಹೇಳಿದ್ದೆ. ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ."

ಹೊರಗೆ ಅವನ ಅಕ್ಕ ಕಾಯುತ್ತಿದ್ದಳು. ಅವನು ಅವಳನ್ನು ದಾಟಿ ನಾಲ್ಕು ಹೆಜ್ಜೆ ಹೋದ. ನಿಂತ. ಮುಖ ತಿರುಗಿಸದೆಯೇ ಕೇಳಿದ: "ಭಾವನ ಕೈ ಹೇಗಿದೆ?"