ಕಂಪೈಲರ್ ಅಳಿಸಿದ ಗಂಡು

ತೊಂಬತ್ತೇಳನೇ ಇಸವಿ. ಮೂವತ್ನಾಲ್ಕಾದರೂ ಮದುವೆಯಾಗದ ನನ್ನನ್ನು ಸೋದರಮಾವ ಅಂದಾನಯ್ಯ ಹೆಣ್ಣು ತೋರಿಸಲು ಪಾಂಡವಪುರಕ್ಕೆ ಎಳೆದುಕೊಂಡು ಹೋದರು. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಹೆಣ್ಣು ಮಾತ್ರ ಬರಲಿಲ್ಲ.

ಎದ್ದು ಮುಂದಿನ ಕೋಣೆಗೆ ಇಣುಕಿದೆ. ಅಲ್ಲೇ ನಾನು ನೋಡಬೇಕಿದ್ದ ಹೆಣ್ಣು ಹೇಮಳ ಕಂಪ್ಯೂಟರ್ ಕ್ಲಾಸು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ದೃಷ್ಟಿಯೆಲ್ಲ ಪರದೆಯ ಮೇಲೆ. ಆ ಕಣ್ಣು ಒಂದೇ ಒಂದು ಸಲ ನನ್ನತ್ತ ತಿರುಗಿತು ನೋಡಿ, ಬಾಯಲ್ಲಿದ್ದ ಕೇಸರಿಬಾತು ನುಂಗುವುದನ್ನೇ ಮರೆತೆ.

“ಗಂಡೇನ್ರೀ ನೀವು? ಬನ್ನಿ, ಕೂತ್ಕಳಿ. ಕೆಲ್ಸ ಐತೆ.”

“ಏನ್ ಕೆಲ್ಸ?”

“ಸೋರ್ಸಿಂದ, ಅಂದ್ರೆ ಬರ್ದಿಟ್ಟಿರೋ ಪ್ರೋಗ್ರಾಮಿಂದ, ಇಡೀ ಆಪರೇಟಿಂಗ್ ಸಿಸ್ಟಮ್ಮನ್ನೇ ಹೊಸದಾಗಿ ಕಟ್ತಾವ್ನಿ. ಡಿಸ್ಕು ಚಿಕ್ದು. ಒಂದು ಭಾಗ ಕಟ್ಟಿ ಮುಗೀತಿದ್ದಂಗೆ ಅದರ ಸೋರ್ಸು ಅಳ್ಸುದ್ರೇನೆ ಮುಂದಿನದ್ಕೆ ಜಾಗ. ಸಂಜೆ ಹುಡುಗ್ರು ಬತ್ತಾರೆ. ಅಷ್ಟ್ರಲ್ಲಿ ಇದು ಎದ್ದೇಳ್ನಿಲ್ಲ ಅಂದ್ರೆ ಅಪ್ಪ ಮಿಷೀನೇ ಮಾರ್ಬುಡ್ತಾರೆ, ಕ್ಲಾಸೂ ಮುಗೀತು.”

“ನಾನೂ ಅಳುಸ್ಲಾ?”

“ಹೇಳಿದ್ದು ಮಾತ್ರ!”

ಅವಳು ಹೇಳಿದಳು, ನಾನು ಅಳಿಸಿದೆ. ಅವಳ ಬಳೆ ಕೈಗೆ ತಾಗಿದಾಗಲೆಲ್ಲ ನನ್ನ ಧೈರ್ಯ ಏರುತ್ತಿತ್ತು. ನೀರು ಕುಡಿಯಲು ಅವಳು ಎದ್ದು ಹೋದಳು. ಇನ್ನಷ್ಟು ಜಾಗ ಮಾಡಿ ಮೆಚ್ಚಿಸೋಣವೆಂದು ಕಣ್ಣಿಗೆ ಬಿದ್ದ ದೊಡ್ಡದೊಂದು ಫೈಲು ಅಳಿಸಿದೆ. ಕೆಲಸವೇ ನಿಂತುಹೋಯಿತು.

“ಕಂಪೈಲರ್ನೇ ಅಳ್ಸುಬುಟ್ರಾ! ಕಟ್ಟೋ ಮೇಸ್ತ್ರಿನೇ ಅದು ಕಣ್ರೀ!” ಅವಳ ಕಣ್ಣಲ್ಲಿ ನೀರು ತುಂಬಿತು.

“ಇನ್ನೊಂದು ಇಲ್ವಾ?”

“ಸೀಡೀಲಿ ಐತೆ. ಆ ಸೀಡಿ ಶ್ರೀರಂಗಪಟ್ಣದಲ್ಲಿ, ನನ್ ಫ್ರೆಂಡು ಅನು ಮನೇಲೈತೆ.”

ಅನು ಮನೆ ಯಾವ ಬೀದಿ ಎಂದಷ್ಟೇ ಕೇಳಿ, ಹೊರಟಿದ್ದ ಬಸ್ಸಿಗೆ ಓಡಿ ನೇತುಬಿದ್ದೆ.

“ಲೇ ತಿಮ್ಮೇಶಾ! ಎಲ್ಗ್ಲಾ ಓಡ್ತೀಯ?” ಮಾವ ಬೀದಿಯಲ್ಲಿ ನಿಂತು ಕೂಗುತ್ತಿದ್ದರು.

ಅಂಗಿಯೊಳಗೆ ಸೀಡಿ ಇಟ್ಟುಕೊಂಡು ಮರಳಿದಾಗ ಅಂಗಳದಲ್ಲಿ ಯುದ್ಧ. ಹೇಮಳ ಅಪ್ಪ ತಮ್ಮಯ್ಯನವರು ಪಂಚೆ ಎತ್ತಿ ಕಟ್ಟಿದ್ದರು.

“ನಮ್ಮುಡ್ಗಿ ಏನು ದೆವ್ವಾನಾ, ನಿಮ್ಮುಡ್ಗ ಅಂಗೆ ಓಡೋಗಕ್ಕೆ?”

“ನಿಮ್ಮನೆ ಉಪ್ಪಿಟ್ಟು ತಿಂದೋನು ಇನ್ನೇನ್ ಮಾಡ್ತಾನೆ?” ಎಂದರು ಮಾವ.

ಇಬ್ಬರ ನಡುವೆಯೇ ನುಗ್ಗಿ ಒಳಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಹೇಮ ಸೀಡಿ ನೋಡಲಿಲ್ಲ, ನನ್ನನ್ನು ನೋಡಿದಳು.

“ಓಡೋದ ಅಂತಿದ್ರು ಎಲ್ರೂ.”

“ನೀವೂ ಅಂದ್ಕಂಡ್ರಾ?”

“ಒಸಿ.”

ಸೀಡಿಯಿಂದ ಕಂಪೈಲರ್ ವಾಪಸ್ಸು ಬಂತು. ಉಳಿದದ್ದನ್ನು ಕಟ್ಟಿ ಮುಗಿಸುವ ಹೊತ್ತಿಗೆ ಹುಡುಗರ ಸೈಕಲ್ಲುಗಳು ಬಾಗಿಲಿಗೆ ಬಂದಿದ್ದವು. ಮಿಷೀನು ಆರಿಸಿ ಮತ್ತೆ ಹಾಕಿದಳು. ಪರದೆ ಕಪ್ಪಾಯಿತು. ಅವಳ ಕೈ ನನ್ನ ತೋಳನ್ನು ಹಿಡಿದಿತ್ತು. ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಸಾಲು ಸಾಲು ಅಕ್ಷರ ಓಡಿ, ಕೊನೆಗೆ ಲಾಗಿನ್ ಬಂದು ನಿಂತಿತು.

ತಮ್ಮಯ್ಯ ಇಣುಕಿ ನೋಡಿ, ಮೀಸೆ ತಿರುವಿ ಹೋದರು. ಮಿಷೀನು ಉಳಿಯಿತು.

ಹೇಮ ಮೊದಲು ತನ್ನ ಹೆಸರಿನಲ್ಲಿ ಅಕೌಂಟು ಮಾಡಿದಳು. ಆಮೇಲೆ ನನ್ನನ್ನು ಕೇಳದೆಯೇ ‘ತಿಮ್ಮೇಶ’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದಳು.

“ನಂಗ್ಯಾಕೆ?”

“ದಿನಾ ಬೇಕಾಯ್ತದಲ್ಲ, ಇದೇ ಮನೇಲಿದ್ರೆ.”

“ಅಂಗಾದ್ರೆ... ಒಪ್ಗೆನಾ?”

ಕಿವಿಯವರೆಗೂ ಕೆಂಪಾದಳು. ಕೀಬೋರ್ಡು ಮಾತ್ರ ತನ್ನ ಕಡೆಗೆ ಎಳೆದುಕೊಂಡಳು.

“ಒಪ್ಗೆ. ಅಳ್ಸೋ ಅಧಿಕಾರ ಮಾತ್ರ ಕೊಡಕ್ಕಿಲ್ಲ.”