ಒಲೆ ಹೊತ್ತಿಸದ ಹೋಟೆಲು

"ಸೋಮವಾರ ನೀವು ಚಹಾ ಮಾಡಬಾರದು," ಎಂದಳು ಆ ಹುಡುಗಿ.

ಗಲ್ಲಾದಲ್ಲಿ ಕೂತಿದ್ದ ಚೆನ್ನಯ ತಲೆಯೆತ್ತಿದ. ಮುಂಬಯಿಯ ಕುರ್ಲಾ ಸ್ಟೇಷನ್ನಿನ ಪಕ್ಕದ ಉದಯ ವಿಲಾಸಕ್ಕೆ ಬಂದು ಚಹಾ ಸರಿಯಿಲ್ಲ ಎಂದವರಿದ್ದರು, ತಣ್ಣಗಾಗಿದೆ ಎಂದವರಿದ್ದರು. ಮಾಡಲೇಬೇಡಿ ಎಂದವರು ಇದುವರೆಗೆ ಯಾರೂ ಇರಲಿಲ್ಲ. ಹೇಳಿದವಳು ಎದುರಿನ ಚಾಳಿನ ದಾನಪ್ಪನವರ ಮಗಳು ಅಂಬವ್ವ, ಮುನ್ಸಿಪಾಲಿಟಿ ಕನ್ನಡ ಶಾಲೆಯ ಟೀಚರ್. ದಿನವೂ ಬೆಳಿಗ್ಗೆ ಹೋಟೆಲಿನ ಮುಂದಿನಿಂದಲೇ ಶಾಲೆಗೆ ಹೋಗುತ್ತಿದ್ದಳು, ಒಮ್ಮೆಯೂ ಒಳಗೆ ತಿರುಗಿ ನೋಡಿದವಳಲ್ಲ. ಅದು ಚೆನ್ನಯನಿಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಅವನು ದಿನವೂ ನೋಡುತ್ತಿದ್ದ, ಅದಕ್ಕೇ ಗೊತ್ತು.

"ಚಹಾದ ಮೇಲೆ ಎಂತ ಕೋಪ, ಟೀಚರೇ?"

"ಚಹಾದ ಮ್ಯಾಲೆ ಅಲ್ಲ, ಆ ವಖಾರಿ ಸೇಠ್‌ನ ಮ್ಯಾಲೆ. ಸುಯೆಜ್ ಕಾಲುವಿ ಬಂದ್ ಆತು, ಹಡಗ ಬರವಲ್ಲವು ಅಂತ ಹೇಳಿ ಚಿಮಣಿ ಎಣ್ಣಿ ರೇಟ್ ಏರಿಸ್ಯಾನ. ಕಾಲುವಿ ಬಂದ್ ಆಗೂ ಮದಲ ಬಂದಿದ್ದ ಡಬ್ಬಿ ಅವನ ವಖಾರ್ಯಾಗ ಸೂರಿನಮಟ ಅದಾವ, ನಾನು ಕಣ್ಣಾರೆ ನೋಡೀನಿ. ಹಳೇ ಎಣ್ಣಿಗೆ ಹೊಸಾ ರೇಟ್ ಯಾಕ್ರಿ? ಸೋಮವಾರ ನಮ್ಮ ಚಾಳಿನವರು ಅವನ ಕಡೆ ಏನೂ ತಗೊಳ್ಳಂಗಿಲ್ಲ. ನೀವೂ ನಿಮ್ಮ ಭಟ್ಟಿಗೆ ಅವನ ಕೋಲ್ಸಾ, ಇದ್ದಲಿ, ತಗೋಬ್ಯಾಡ್ರಿ."

"ನಿಮ್ಮ ಚಾಳಿನವರು ಒಂದು ದಿನ ಎಣ್ಣೆ ತಗೊಳ್ಳದಿದ್ರೆ ಸುಯೆಜ್ ಕಾಲುವೆ ತೆರೀತದಾ?"

"ಕಾಲುವಿ ತೆರ್ಯಂಗಿಲ್ಲ. ಸೇಠ್‌ನ ಕಣ್ಣ ತೆರೀತಾವ."

ಹೇಳಿ ಅವಳು ಅವನನ್ನೇ ನೋಡುತ್ತ ನಿಂತಳು. ಒಂದು ಹುಬ್ಬು ಕೊಂಚ ಮೇಲೇರಿತ್ತು, ಮಗ್ಗಿ ತಪ್ಪಿದ ಹುಡುಗನ ಉತ್ತರಕ್ಕೆ ಕಾಯುವ ಹಾಗೆ. ನಡೆದು ಬಂದ ಬಿರುಸಿಗೆ ಹಣೆಯ ಮೇಲೆ ಬೆವರು ಸಣ್ಣಗೆ ಮಿನುಗುತ್ತಿತ್ತು. ಚೆನ್ನಯನಿಗೆ ಗಲ್ಲಾದ ಚಿಲ್ಲರೆ, ಮುಂದೆ ನಿಂತ ಗಿರಾಕಿ, ಯಾವುದೂ ನೆನಪಿಲ್ಲದಂತಾಯಿತು.

ಆಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೋಟೆಲು ಅವನದಲ್ಲ, ಸೋದರಮಾವ ಕೊರಗಪ್ಪನದು. ದಾದರಿನಲ್ಲಿ ದೊಡ್ಡ ಹೋಟೆಲು ನಡೆಸುತ್ತಿದ್ದ ಮಾವ ಈ ಸಣ್ಣದನ್ನು ಅಳಿಯನ ಕೈಗೆ ಕೊಡುವಾಗ ಖಡಾಖಂಡಿತವಾಗಿ ಹೇಳಿದ್ದ: "ವ್ಯಾಪಾರ ಬಿತ್ತೋ, ದಾದರಿಗೆ ಬಂದು ನನ್ನ ಕಣ್ಣೆದುರು ಟೇಬಲ್ ಒರೆಸು." ಟೇಬಲ್ ಒರೆಸಲು ಚೆನ್ನಯನಿಗೆ ನಾಚಿಕೆಯಿರಲಿಲ್ಲ, ಒರೆಸಿಯೇ ಮೇಲೆ ಬಂದವನು. ಆದರೆ ದಾದರಿನ ಹೋಟೆಲಿನ ಮುಂದೆ ಅಂಬವ್ವ ಹಾದುಹೋಗುವುದಿಲ್ಲ. ಅವನಿಗಿದ್ದ ಭಯ ಅದೊಂದೇ.

"ಹೋಟೆಲು ನಿಲ್ಲಿಸ್ಲಿಕ್ಕೆ ಆಗುದಿಲ್ಲ," ಎಂದ.

"ಗೊತ್ತಿತ್ತು," ಎಂದು ಅವಳು ಹೊರಟುಹೋದಳು. ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಭಾನುವಾರ ಸಂಜೆ ವಖಾರಿಯ ಮುಂದೆ ನೋಡಿದರೆ ಜನವೋ ಜನ. ನಾಳೆ ಎಣ್ಣೆ ತಗೊಳ್ಳಬಾರದಲ್ಲ, ಇವತ್ತೇ ತಂದಿಟ್ಟುಕೊಂಡರಾಯಿತು ಎಂದು ಇಡೀ ಚಾಳು ಬಾಟ್ಲಿ, ಡಬ್ಬಿ, ತಂಬಿಗೆ ಹಿಡಿದು ಸಾಲು ನಿಂತಿತ್ತು. ಸೋಮವಾರ ಸೇಠ್ ವಖಾರಿಗೆ ಬೀಗ ಜಡಿದು ಬಂದು, ಉದಯ ವಿಲಾಸದಲ್ಲಿ ಕಾಲ ಮೇಲೆ ಕಾಲು ಹಾಕಿ ಒಂದರ ಮೇಲೊಂದು ಚಹಾ ಕುಡಿದ. ಚೆನ್ನಯನ ಹೋಟೆಲಿನ ಶುಂಠಿ ಚಹಾ ಇಳಿಯದೆ ಆ ಮನುಷ್ಯನಿಗೆ ಬೆಳಗೇ ಆಗುತ್ತಿರಲಿಲ್ಲ.

"ಮ್ಯಾನೇಜರ್, ಇಂಥ ಬಹಿಷ್ಕಾರ ವಾರಕ್ಕೊಂದು ಆಗಲಿ," ಎಂದು ಹಿಂದಿಯಲ್ಲಿ ಹೇಳಿ ಹೊಟ್ಟೆ ಕುಣಿಸಿ ನಕ್ಕ.

ಚೆನ್ನಯನೂ ನಕ್ಕುಬಿಟ್ಟ. ನಗುತ್ತಲೇ ರಸ್ತೆಯ ಕಡೆ ನೋಡಿದರೆ ಅಂಬವ್ವ. ಶಾಲೆಗೆ ಹೋಗುವ ದಾರಿಯಲ್ಲಿ ಅಂದು ಮೊದಲ ಸಲ ಒಳಗೆ ತಿರುಗಿ ನೋಡಿದ್ದಳು, ಕಣ್ಣಿಗೆ ಬಿದ್ದದ್ದು ಈ ನಗು. ಅವಳ ಕಣ್ಣು ತುಂಬಿದ್ದು ಇಷ್ಟು ದೂರಕ್ಕೂ ಕಾಣಿಸಿತು. ಚೆನ್ನಯನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಮಧ್ಯಾಹ್ನ ಬೆಳಗಿನ ಶಾಲೆ ಮುಗಿಸಿ ಬಂದು ಚಾಳಿನ ನಲ್ಲಿಯ ಹತ್ತಿರ ಅವಳು ಕೊಡ ಹಿಡಿದು ನಿಂತಿದ್ದಾಗ ಅವನು ಹೋಗಿ ನಿಂತ.

"ತಪ್ಪಾಯ್ತು."

"ಯಾವದು? ನಕ್ಕದ್ದೋ, ನಗೂದು ನನಗ ಕಂಡದ್ದೋ?"

"ಎರಡೂ."

ಅವಳ ತುಟಿಯ ಮೂಲೆ ಸ್ವಲ್ಪ ಅಲುಗಿತು. ನಗುವನ್ನು ತಡೆಹಿಡಿದು ನೀರಿನ ಧಾರೆ ನೋಡತೊಡಗಿದಳು.

"ಟೀಚರೇ, ಒಂದು ದಿನ ತಗೊಳ್ಳದಿದ್ರೆ ಸೇಠ್‌ಗೆ ಎಂತದೂ ಆಗುದಿಲ್ಲ. ಇವತ್ತು ಬಿಟ್ಟದ್ದನ್ನು ನಾಳೆ ತಗೊಳ್ತೀರಿ, ಅವನು ಕಾಯ್ತಾನೆ. ಉರಿಸುದೇ ಕಡಿಮೆ ಆಗ್ಬೇಕು."

"ಉರಸೂದು ಬಿಟ್ಟು ಹಸೀ ಬ್ಯಾಳಿ ತಿನ್ನೂದೇನು?"

"ನನ್ನ ಭಟ್ಟಿ ಉಂಟಲ್ಲ. ಊಟದ ಗಿರಾಕಿ ಹೋದ ಮೇಲೆ ಸಂಜೆಯ ಚಹಾದವರೆಗೆ ಕೆಂಡ ಸುಮ್ಮನೆ ಕೂತಿರ್ತದೆ. ನಂದಿಸ್ಲಿಕ್ಕೆ ಆಗುದಿಲ್ಲ, ಪುನಃ ಹೊತ್ತಿಸ್ಲಿಕ್ಕೆ ಇನ್ನೂ ಹೆಚ್ಚು ಕೋಲ್ಸಾ ಬೇಕು. ಹಿಂದಿನ ಬಾಗಿಲಿನಿಂದ ನಿಮ್ಮ ನಿಮ್ಮ ಪಾತ್ರೆ ತನ್ನಿ, ಬೇಯಿಸ್ಕೊಂಡು ಹೋಗಿ. ಸ್ಟೋವಿಗೆ ಎಣ್ಣೆಯೇ ಬೇಡ."

ಅವಳು ತಿರುಗಿ ನೇರ ಅವನ ಮುಖ ನೋಡಿದಳು. "ಇದರಾಗ ನಿಮಗೇನ ಲಾಭ, ಮ್ಯಾನೇಜರ್ರ?"

ಲಾಭ ಎದುರಿಗೇ ನಿಂತಿತ್ತು, ಹೇಳುವ ಧೈರ್ಯ ಅವನಿಗಿರಲಿಲ್ಲ. "ಕೆಂಡ ಹಾಳಾಗಬಾರ್ದಲ್ಲ," ಎಂದ.

"ಹೌದೇನು," ಎಂದಳು ಅಂಬವ್ವ. ಕೊಡ ತುಂಬಿ ಹೊರಚೆಲ್ಲಿ ಅವಳ ಕಾಲು ನೆನೆಯುತ್ತಿತ್ತು. ಅದು ಅವಳಿಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ.

ಮರುದಿನ ಉದಯ ವಿಲಾಸದ ಹಿಂಬಾಗಿಲಲ್ಲಿ ಪಾತ್ರೆಗಳ ಮೆರವಣಿಗೆ. ವಿಜಾಪುರದ ಬಸಲಿಂಗವ್ವನ ಬೇಳೆ ಮೊದಲೋ, ಉಡುಪಿಯ ಅಕ್ಕುವಿನ ಕುಚ್ಚಲಕ್ಕಿ ಮೊದಲೋ ಎಂದು ಜಗಳವೇ ಆಯಿತು. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ತನ್ನ ಮೊಮ್ಮಗನಿಗೆ ಮದುವೆಯಾಗುತ್ತದೆ ಎಂದಳು ಬಸಲಿಂಗವ್ವ. ಅಂಬವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ನಂತರ ಯಾರು ಎಂದು ಶಾಲೆಯ ಮಕ್ಕಳನ್ನು ನಿಲ್ಲಿಸಿದ ಹಾಗೆ ಎಲ್ಲರನ್ನೂ ನಿಲ್ಲಿಸಿದಳು. ಅವಳ ಪಾತ್ರೆ ಎಲ್ಲಕ್ಕಿಂತ ಕೊನೆಗೆ. ಅದರ ಬೇಳೆ ತಳ ಹಿಡಿಯದಂತೆ ಸೌಟು ಆಡಿಸಲು ಗಲ್ಲಾ ಬಿಟ್ಟು ಸ್ವತಃ ಮ್ಯಾನೇಜರರೇ ಬರುತ್ತಿದ್ದರು.

"ಬ್ಯಾರೆಯವರ ಬ್ಯಾಳಿ ತಳಾ ಹಿಡದ್ರ ನಡೀತದೇನು?" ಎಂದು ಅವಳು ಒಂದು ದಿನ ಮೆಲ್ಲಗೆ ಕೇಳಿದಳು.

"ಅದಕ್ಕೆ ಅಡುಗೆಯವರಿದ್ದಾರೆ."

"ನನ್ನ ಬ್ಯಾಳಿಗೆ?"

"ನಾನಿದ್ದೇನೆ."

ಕೆಂಡದ ಬೆಳಕಿಗೋ ಏನೋ, ಅವಳ ಕೆನ್ನೆ ಕೆಂಪಾಗಿತ್ತು. ಅವಳು ಸೌಟು ಕೇಳಿದಳು. ಅವನು ಕೊಟ್ಟ. ಎರಡು ಕೈಗಳೂ ಅದನ್ನು ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಹೊತ್ತೇ ಹಿಡಿದುಕೊಂಡಿದ್ದವು.

ವಖಾರಿಯಲ್ಲಿ ಎಣ್ಣೆಯ ಡಬ್ಬಿಗಳು ಕದಲಲಿಲ್ಲ. ಸೇಠ್‌ನ ನಗುವೂ ಮೊದಲಿನ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಚಹಾ ಕುಡಿದು ಲೋಟ ಇಟ್ಟವನು ಹೇಳಿದ: "ಆ ಹೆಂಗಸರನ್ನು ನಾಳೆಯಿಂದ ಒಳಗೆ ಬಿಡಬೇಡ. ಬಿಟ್ಟರೆ ನಿನಗೆ ಕೋಲ್ಸಾ ಇಲ್ಲ. ಕುರ್ಲಾದಲ್ಲಿ ಯಾರೂ ಕೊಡುವುದಿಲ್ಲ." ಅದು ಬರಿಯ ಬೆದರಿಕೆಯಲ್ಲ. ಸುತ್ತಲಿನ ವಖಾರಿಯವರೆಲ್ಲ ಅವನ ಮಾತು ಮೀರುವವರಲ್ಲ. ದಾದರಿನಿಂದ ತರಿಸೋಣವೆಂದರೆ ಮಾವನಿಗೆ ಹೇಳಬೇಕು, ಹೇಳಿದರೆ ಮಾವ ಮೊದಲು ಹಿಂಬಾಗಿಲು ಮುಚ್ಚಿಸುತ್ತಾನೆ.

ಸುದ್ದಿ ಕೇಳಿ ಅಂಬವ್ವ ಓಡಿ ಬಂದಳು. "ನಾವು ಬರೂದಿಲ್ಲ. ನಿಮ್ಮ ಹೊಟ್ಟಿ ಮ್ಯಾಲೆ ಕಾಲಿಟ್ಟು ನಮಗ ಎಣ್ಣಿ ಸೋವಿ ಆಗೂದು ಬ್ಯಾಡ."

ಇಲ್ಲಿ ತಲೆಯಾಡಿಸಿದರೆ ಮುಗಿಯಿತು. ಹೋಟೆಲು ಉಳಿಯುತ್ತದೆ, ಕುರ್ಲಾ ಉಳಿಯುತ್ತದೆ, ದಿನವೂ ಬೆಳಿಗ್ಗೆ ಅವಳು ಮುಂದಿನಿಂದ ಹಾದುಹೋಗುತ್ತಾಳೆ. ಆದರೆ ಸೋತ ಮುಖ ಹೊತ್ತು ಹೋಗುತ್ತಾಳೆ, ಒಳಗೆ ನೋಡುವುದಿಲ್ಲ. ಅದನ್ನು ನೋಡುತ್ತ ಕೂರುವುದಕ್ಕಿಂತ ದಾದರೇ ವಾಸಿ ಎನಿಸಿತು ಚೆನ್ನಯನಿಗೆ. ಅವನು ನಕ್ಕ.

"ನಿಮ್ಮ ಮನೆಯಲ್ಲಿ ಈಳಿಗೆ ಉಂಟಾ?"

"ಐತಿ. ಯಾಕ್ರಿ?"

"ನಾಳೆ ಪಾತ್ರೆ ಬೇಡ, ಈಳಿಗೆ ತನ್ನಿ. ಎಲ್ಲರಿಗೂ ಹೇಳಿ."

ಮರುದಿನ ಸೇಠ್‌ನ ಕೋಲ್ಸಾ ಬರಲಿಲ್ಲ. ಉದಯ ವಿಲಾಸದ ಬಾಗಿಲು ಎಂದಿನಂತೆ ತೆರೆಯಿತು, ಭಟ್ಟಿ ಮಾತ್ರ ತಣ್ಣಗೆ ಬೂದಿ ಹೊದ್ದು ಮಲಗಿತ್ತು. ಏಕಾದಶಿ, ಉಪವಾಸ ಎಂದು ಬೆಂದದ್ದು ಮುಟ್ಟದ ದಿನಗಳಲ್ಲಿ ಊರಿನ ಕಡೆ ಏನೇನು ತಿನ್ನುತ್ತಾರೋ ಅದೆಲ್ಲ ಅಂದು ಬೋರ್ಡಿನ ಮೇಲಿತ್ತು: ಮೊಸರವಲಕ್ಕಿ, ಬೆಲ್ಲದವಲಕ್ಕಿ, ಹೆಸರುಬೇಳೆ ಕೋಸಂಬರಿ, ಪಾನಕ, ನೀರುಮಜ್ಜಿಗೆ. ಚಾಳಿನ ಹೆಂಗಸರು ಹಿಂದಿನ ಅಂಗಳದಲ್ಲಿ ಸಾಲಾಗಿ ಕೂತು ಸೌತೆಕಾಯಿ ಹೆಚ್ಚಿದರು, ತೆಂಗಿನಕಾಯಿ ತುರಿದರು, ಮನೆಯ ಊಟಕ್ಕೂ ಅದನ್ನೇ ಒಯ್ದರು, ಸ್ಟೋವ್ ಹೊತ್ತಿಸಲಿಲ್ಲ. ಒಗ್ಗರಣೆಯಿಲ್ಲದೆ ಅವಲಕ್ಕಿ ಸಪ್ಪೆಯಾಯಿತು ಎಂದು ಚೆನ್ನಯ ತಲೆ ಕೆರೆದುಕೊಳ್ಳುವಾಗ ಅಂಬವ್ವ ಮನೆಯಿಂದ ಶೇಂಗಾ ಹಿಂಡಿಯ, ಖಾರದ ಚಟ್ನಿಪುಡಿಯ, ಭರಣಿ ತಂದು ಮೇಲೆ ಉದುರಿಸಿ, ಒಂದು ತುತ್ತು ಅವನ ಅಂಗೈಗೆ ಹಾಕಿದಳು.

"ಹ್ಯಾಂಗೈತಿ?"

ಅವನು ತಿಂದ. ಕಣ್ಣು ಮುಚ್ಚಿಕೊಂಡ. "ಇನ್ನೊಂದು ತುತ್ತು ಕೊಡಿ, ಹೇಳ್ತೇನೆ."

"ಆಸೆಬುರುಕ," ಎಂದಳು. ಆ ಮಾತಿನಲ್ಲಿ 'ರೀ' ಇರಲಿಲ್ಲ. ಅದನ್ನು ಗಮನಿಸಿದ ಚೆನ್ನಯನಿಗೆ ಇಡೀ ದಿನ ಕಾಲು ನೆಲಕ್ಕೆ ತಾಗಲಿಲ್ಲ.

ಹೋಟೆಲಿಗೆ ಜನ ಬಂದರು. ಆದರೆ ಅವಲಕ್ಕಿ ಎಷ್ಟು ತಿಂದರೂ ಮುಂಬಯಿಯ ಮನುಷ್ಯನಿಗೆ ಕೊನೆಗೆ ಚಹಾ ಬೇಕು. ವಖಾರಿಯ ಹಮಾಲರು ಬಂದು ಕೇಳಿದರು. "ಕೋಲ್ಸಾ ಇಲ್ಲ, ನಿಮ್ಮ ಸೇಠ್‌ನ ಹತ್ರ ಕೇಳಿ," ಎಂದ ಚೆನ್ನಯ. ಚಹಾಕ್ಕಾಗಿ ಅವರು ರೈಲ್ವೆ ಸೇತುವೆ ಹತ್ತಿ, ಆಚೆ ಬದಿಯ ಇರಾನಿ ಹೋಟೆಲಿಗೆ ಹೋಗತೊಡಗಿದರು. ಹೋದವರು ಬೇಗ ಬರಲಿಲ್ಲ. ಕೋಲ್ಸಾದ ಲಾರಿಗಳು ಮಾಲು ಇಳಿಸುವವರಿಲ್ಲದೆ ನಿಂತವು, ಡ್ರೈವರುಗಳು ಕೂಗಾಡಿದರು. ಬಜಾರಿನ ಬಟ್ಟೆ ಅಂಗಡಿಯವನು, ಟಾಂಗಾದವರು, ಪೋಸ್ಟ್ ಆಫೀಸಿನವರು, ಎಲ್ಲರೂ ವಖಾರಿಯ ಮುಂದೆ ಹಾಯುವಾಗ ಸೇಠ್‌ಗೆ ಒಂದೊಂದು ಮಾತು ಅಂದು ಹೋದರು. ಹೋಟೆಲಿಗೆ ಕೋಲ್ಸಾ ನಿಲ್ಲಿಸಿದವನು ಇಡೀ ಬಜಾರಿನ ಚಹಾ ನಿಲ್ಲಿಸಿದ್ದ. ಅದರಲ್ಲಿ ಅವನದೂ ಸೇರಿತ್ತು.

ಕೊನೆಗೊಂದು ಭಾನುವಾರ ಬೆಳಿಗ್ಗೆ ತಲೆಗೆ ಬಟ್ಟೆ ಬಿಗಿದುಕೊಂಡು ಅವನೇ ಬಂದ. ತಲೆನೋವಿನಿಂದ ಕಣ್ಣುಗಳು ಕೆಂಪಾಗಿದ್ದವು.

"ಮ್ಯಾನೇಜರ್, ಕೋಲ್ಸಾದ ಗೋಣಿ ಕಳಿಸುತ್ತೇನೆ. ಚಾಯ್ ಚಾಲೂ ಕರೋ."

ಚೆನ್ನಯ ಅಂಬವ್ವನ ಕಡೆ ಕೈ ತೋರಿಸಿದ. ಅವಳು ಕೋಸಂಬರಿಯ ಕೈ ಒರೆಸಿಕೊಂಡು ಮುಂದೆ ಬಂದಳು.

"ಹಳೇ ಎಣ್ಣೆ ಹಳೇ ರೇಟಿಗೆ," ಎಂದಳು ಅವನದೇ ಹಿಂದಿಯಲ್ಲಿ.

"ಹೊಸ ಮಾಲು ಬಂದರೆ ನಾನೇನು ಮಾಡಲಿ, ಟೀಚರ್ ಬಾಯಿ?"

"ಹೊಸದು ಬಂದಾಗ ಬಿಲ್ಲು ತೋರಿಸು, ಅದರಂತೆ ಕೊಡುತ್ತೇವೆ."

ಸೇಠ್ ಹಣೆ ಒತ್ತಿಕೊಂಡ, ಒಮ್ಮೆ ತಣ್ಣಗಿನ ಭಟ್ಟಿಯ ಕಡೆ ನೋಡಿದ, ತಲೆಯಾಡಿಸಿದ. ಹಿಂದಿನ ಅಂಗಳದಲ್ಲಿ ಅಕ್ಕುವೂ ಬಸಲಿಂಗವ್ವನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು.

ಸುದ್ದಿ ಹೇಗೆ ತಲುಪಿತೋ, ಮಧ್ಯಾಹ್ನ ಕೊರಗಪ್ಪ ಮಾವ ದಾದರಿನಿಂದ ಲೋಕಲ್ ಹಿಡಿದು ಬಂದಿಳಿದ. ಗಲ್ಲಾ ಎಳೆದು ನೋಡಿದ, ಮುಖ ಹುಳ್ಳಗೆ ಮಾಡಿದ. ಆಮೇಲೆ ಹಿಂಡಿ ಉದುರಿಸಿದ ಅವಲಕ್ಕಿ ಒಂದು ಪ್ಲೇಟು ತಿಂದ, ಇನ್ನೊಂದು ತರಿಸಿದ. ತುಂಬಿದ ಟೇಬಲುಗಳನ್ನು ನೋಡುತ್ತ ಬಾಯಿ ಒರೆಸಿಕೊಂಡ.

"ನಿನಗೆ ಮರ್ಲ್ ಮಾರಾಯ, ತಲೆ ಸಮ ಇಲ್ಲ. ವ್ಯಾಪಾರ ಬಿದ್ದದ್ದು ಹೌದು. ಆದ್ರೆ ಈ ಗಿರಾಕಿಗಳು ಇನ್ನು ಎಲ್ಲಿಗೂ ಹೋಗುದಿಲ್ಲ. ಇಲ್ಲೇ ಸಾಯಿ."

ಇಷ್ಟು ಸಿಹಿಯಾದ ಬೈಗುಳ ಚೆನ್ನಯ ಜನ್ಮದಲ್ಲಿ ಕೇಳಿರಲಿಲ್ಲ.

ಸಂಜೆ ಭಟ್ಟಿ ಹೊತ್ತಿತು. ಅಂಬವ್ವ ಮುಂಬಾಗಿಲಿನಿಂದ ಬಂದು ಗಿರಾಕಿಯಂತೆ ಕೂತಳು. ಚೆನ್ನಯನೇ ಚಹಾ ತಂದಿಟ್ಟ.

"ವ್ಯಾಪಾರ ಬಿದ್ರ ದಾದರಿಗೆ ಹೋಗೂದಿತ್ತಂತ. ನಿಮ್ಮ ಮಾವ ಹೇಳಿದ್ರು. ನನಗ ಯಾಕ ಹೇಳಲಿಲ್ಲ?"

"ಹೇಳಿದ್ರೆ ನೀವು ಬರ್ತಿರಲಿಲ್ಲ."

"ನಾಲ್ಕ ಮನಿ ಎಣ್ಣಿ ಸಲುವಾಗಿ ಅಷ್ಟ ದೊಡ್ಡ ಜೂಜು ಯಾರರ ಆಡತಾರೇನು?"

"ಎಣ್ಣೆಗಾಗಿ ಅಲ್ಲ, ಅಂಬವ್ವ." ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀವು ಗೆಲ್ಬೇಕಿತ್ತು. ನಿಮ್ಮನ್ನು ನೋಡದೆ ನನಗೆ ಆಗುದಿಲ್ಲ. ಪ್ರೀತಿ ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತದೆ. ಆದ್ರೆ ಅದೇ."

ಅವಳು ಲೋಟದ ಅಂಚಿನ ಸುತ್ತ ಬೆರಳಾಡಿಸಿದಳು. "ನನಗೂ ಅದ. ದಿನಾ ಒಳಗ ನೋಡಬಾರದು ಅಂತ ಎಷ್ಟ ಕಷ್ಟಪಟ್ಟ ಹೋಗತಿದ್ದೆ, ನಿಮಗೇನ ಗೊತ್ತು?"

"ಅವ್ವಾ."

ಇಬ್ಬರೂ ಬೆಚ್ಚಿದರು. ಪಕ್ಕದಲ್ಲಿ ದಾನಪ್ಪ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ, ಮುಖದಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು.

"ಜಾತಿ ಬ್ಯಾರೆ, ಸೀಮಿ ಬ್ಯಾರೆ. ನಮ್ಮ ಮಂದಿ ಬಹಿಷ್ಕಾರ ಹಾಕ್ತಾರವ್ವಾ. ಮನಿಗೆ ಒಬ್ಬರೂ ಕಾಲಿಡಂಗಿಲ್ಲ."

ಅಂಬವ್ವ ಎದ್ದು ನಿಂತಳು. "ಎಷ್ಟ ದಿನ, ಅಪ್ಪಾ? ಬಹಿಷ್ಕಾರ ಹಾಕೂದು ಸಸಾರ, ತಡಿಯೂದು ಕಠಿಣ. ಎಲ್ಲಾರೂ ಒಂದಾಗಿರಬೇಕು, ಬಾಯಿ ಕಟ್ಟಬೇಕು. ನಾವು ಮದಲನೇ ಸಲ ಹಾಕಿದ್ದು ಹ್ಯಾಂಗ ಬಿತ್ತು ನೋಡಿದ್ರೆಲ್ಲ. ನಮ್ಮ ಮಂದಿ ಲಗ್ನದ ಊಟದ ವಾಸನಿ ಮೂಗಿಗೆ ಬಡದ ಮ್ಯಾಲೆ ಎಷ್ಟ ದಿನ ಮನ್ಯಾಗ ಕುಂದ್ರತಾರ, ನೀವ ಹೇಳ್ರಿ."

ದಾನಪ್ಪ ಚೆನ್ನಯನ ಕಡೆ ತಿರುಗಿದರು. "ನಾಳೆ ನಿಮ್ಮ ಮಾವನೂ ಹೊರಗ ಹಾಕಿದ್ರ?"

"ಎಲ್ಲಿಯಾದರೂ ಟೇಬಲ್ ಒರೆಸ್ತೇನೆ. ಅದು ಗೊತ್ತುಂಟು. ಇವರನ್ನು ಬಿಟ್ಟಿರ್ಲಿಕ್ಕೆ ಮಾತ್ರ ಗೊತ್ತಿಲ್ಲ."

ಅಂಬವ್ವ ಟೇಬಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ದಾನಪ್ಪ ಮಗಳ ಎದುರಿನ ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಲಗ್ನದ ಅಡಗಿಗೆ ಭಾಳ ಉರವಲ ಬೇಕು," ಎಂದರು. "ಆ ಸೇಠ್‌ನ ಹೊಸಾ ಮಾಲು ಬರೂದ್ರೊಳಗ ಮುಗಸೂಣು."