ಬಾವಿ ದಂಡೆಯ ತೇಗ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಜಮೀನುದಾರನ ಬೇಲಿಯೊಳಗೆ, ಬಾವಿ ದಂಡೆಯಲ್ಲಿದ್ದ ತೇಗದ ಮರವನ್ನು ಯಾರೋ ಕೊಯ್ದು ಉರುಳಿಸಿದ್ದರು. ಬೆಲೆಬಾಳುವ ದಿಮ್ಮಿ ಅಲ್ಲೇ ಬಿದ್ದಿತ್ತು. ಬುಡದಿಂದ ನಾಲ್ಕು ಬೆರಳು ದಪ್ಪದ ಒಂದು ಬಿಲ್ಲೆ ಮಾತ್ರ ಮಾಯವಾಗಿತ್ತು.

"ದಿಮ್ಮಿ ಬಿಟ್ಟು ಬಿಲ್ಲೆ ಕದ್ದಿದ್ದಾನಲ್ಲ ಮೇಡಂ, ಎಂಥಾ ಕಳ್ಳ ಇವನು?" ಎಂದ ದಫೇದಾರ, ಎಫ್‌ಐಆರ್ ಬರೆಯುತ್ತ. ಇನ್‌ಸ್ಪೆಕ್ಟರಮ್ಮನಿಗೆ ನಗು ಬರಲಿಲ್ಲ. ದುಡ್ಡಿಗೆ ಕೈಹಾಕದ ಕಳ್ಳನನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಸಂಕಟ.

10.50ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಹಿಂಬದಿಯ ಬೇಲಿಯ ತಂತಿ ಕತ್ತರಿಸಿದ್ದರು. ಮರದ ಪುಡಿ ಬುಡದ ಎರಡೂ ಬದಿ ಬಿದ್ದಿತ್ತು, ಅಂದರೆ ಇಬ್ಬರು ಎಳೆಯುವ ಗರಗಸ. ಒಂದು ಕಡೆ ಕೊಯ್ತ ಕೆಳಕ್ಕೆ ಜಗ್ಗಿತ್ತು. ಅತ್ತ ಹಿಡಿದವರ ತೋಳು ಸೋತಿತ್ತು. ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದರು. ಬೇಲಿಯಾಚೆ ಎರಡು ಎಕರೆ ಮೆಣಸಿನ ಗಿಡ ಬಾಡಿ ನಿಂತಿತ್ತು.

ಅದು ಹಳೇ ಗೇಣಿದಾರನ ಬೆಳೆ ಎಂದ ದಫೇದಾರ. ಬಾವಿ ತೋಡಿಸಿ ಹನ್ನೆರಡು ವರ್ಷವಾಯಿತೆಂದು ಜಮೀನುದಾರನ ಕಾಗದ ಹೇಳುತ್ತಿತ್ತು. ಮೂವತ್ತು ದಾಟಿತು, ತೋಡಿದ್ದು ನಾವು ಎಂದು ಗೇಣಿದಾರನ ಬಾಯಿ ಹೇಳುತ್ತಿತ್ತು. ಬಾವಿ ಯಾರದೆಂಬ ಕೇಸು ಭೂ ನ್ಯಾಯಮಂಡಳಿಯಲ್ಲಿತ್ತು. ಕಾಗದದೆದುರು ಬಾಯಿ ಗೆದ್ದದ್ದನ್ನು ಇನ್‌ಸ್ಪೆಕ್ಟರಮ್ಮ ತನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಅಂಥ ಗರಗಸ ಊರಲ್ಲಿ ಬಡಗಿಯ ಹತ್ತಿರ ಮಾತ್ರ ಇತ್ತು. 12.15ಕ್ಕೆ ಅವನನ್ನು ವಿಚಾರಿಸಿದರು. ಕೊನೆಗೆ, ಭಾನುವಾರ ಗೇಣಿದಾರ ಒಯ್ದಿದ್ದನೆಂದು ಒಪ್ಪಿಕೊಂಡ.

"ಮರದ ವಯಸ್ಸು ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ರು. ಕೊಯ್ದು ನೋಡ್ಬೇಕು, ವರ್ಷಕ್ಕೊಂದು ಸುತ್ತು ಅಂದೆ. ನನ್ನ ನಾಲಿಗೆ ಸೀಳ್ಬೇಕು."

ಗೇಣಿದಾರನ ಮನೆಗೆ ಬೀಗ ಹಾಕಿತ್ತು. ಅಂದು ಮೂರು ಗಂಟೆಗೆ ಅವನ ಕೇಸಿನ ವಿಚಾರಣೆ ಇದೆಯೆಂದು ನೆರೆಮನೆಯವರು ತಿಳಿಸಿದರು. ಜೀಪು ಪೇಟೆಯತ್ತ ತಿರುಗಿತು.

ನ್ಯಾಯಮಂಡಳಿಯ ಬೆಂಚಿನ ಮೇಲೆ ಗೇಣಿದಾರ ಮುದುಕ, ಪಕ್ಕದಲ್ಲಿ ಅವನ ಹೆಂಡತಿ. ತೊಡೆಯ ಮೇಲೆ ಹಳೇ ದುಪ್ಪಟಿಯಲ್ಲಿ ಸುತ್ತಿದ ಬಿಲ್ಲೆ. ಕಳವಿನ ಮಾಲು ಕಣ್ಣೆದುರೇ ಇತ್ತು. ಇನ್‌ಸ್ಪೆಕ್ಟರಮ್ಮ ಗಡಿಯಾರ ನೋಡಿದಳು, 2.50. ಮೊದಲು ಅವರ ಕೇಸು ಕೂಗಲಿ ಎಂದು ದಫೇದಾರನನ್ನು ತಡೆದಳು.

ಮುದುಕ ಒಂದೊಂದು ಸುತ್ತಿಗೂ ಪೆನ್ಸಿಲಿನಿಂದ ಚುಕ್ಕಿ ಇಟ್ಟಿದ್ದ. ಮೂವತ್ತನಾಲ್ಕು. ಕೇಸು ಕೂಗಿದ ಮೇಲೆ ಮಂಡಳಿಯ ಅಧಿಕಾರಿ ಎರಡು ಸಲ ಎಣಿಸಿದ. ಅವನು ಕೆಟ್ಟವನಲ್ಲ, ಸಂಕಟವೇ ಅದು.

"ಇದು ಅದೇ ಮರ ಅಂತ ನಾನು ಹೇಗೆ ಬರೀಲಿ, ಯಜಮಾನ್ರೇ? ಶುಕ್ರವಾರ ನಾನೇ ಬಂದು ಮರ ನೋಡೋದಿತ್ತು. ನೋಟೀಸು ಅಂಟಿಸಿದ್ವಲ್ಲ?"

ಅಂಟಿಸಿದ್ದು ಜಮೀನುದಾರನ ಗೇಟಿಗೆ. ಆ ಕಡೆ ಕಾಲಿಡದಂತೆ ಮುದುಕನಿಗೆ ತಡೆಯಾಜ್ಞೆ ಇತ್ತು. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದ.

ಬಿಲ್ಲೆಯನ್ನು ಬುಡಕ್ಕೆ ಹೊಂದಿಸಿ ನೋಡಬಹುದಲ್ಲ ಎಂದು ಇನ್‌ಸ್ಪೆಕ್ಟರಮ್ಮ ಹಳ್ಳಿಯ ಪೇದೆಗೆ ಫೋನು ಮಾಡಿದಳು. ಬುಡವನ್ನು ಒಂದು ಗಂಟೆಗೇ ಯಂತ್ರ ತಂದು ಕೀಳಿಸಿದ್ದರು, ದಿಮ್ಮಿಯೂ ಸಾಗಿಹೋಗಿತ್ತು. ಪಂಚನಾಮೆ ಮುಗಿಯಿತಲ್ಲ, ಇನ್ನೇನು ಎಂದು ಜಮೀನುದಾರ ಕೇಳಿದನಂತೆ. ಕಾವಲು ಹಾಕದೆ ಬಂದವಳು ಅವಳೇ.

4.10ಕ್ಕೆ ದಸ್ತಗಿರಿ. ಮುದುಕ ಹೇಳಿಕೆ ಕೊಟ್ಟ:

"ಆ ಬಾವಿ ತೋಡುವಾಗ ಮಣ್ಣು ಕುಸಿದು ನಮ್ಮಣ್ಣ ಸತ್ತ. ಅವನ ನೆನಪಿಗೆ ನೆಟ್ಟ ಸಸಿ ಅದು. ಕಣ್ಣಾರೆ ಕಂಡೋರು ಯಾರೂ ಉಳಿದಿಲ್ಲ. ಮರಾನಾದ್ರೂ ಸಾಕ್ಷಿ ಹೇಳ್ಲಿ ಅಂತ ಕೊಯ್ದೆ."

"ಗರಗಸದ ಇನ್ನೊಂದು ಕಡೆ ಯಾರು?"

"ಯಾರೂ ಇಲ್ಲ. ನಾನೊಬ್ನೇ."

ಹಾಗೇ ಬರೆದುಕೊಳ್ಳಲು ಇನ್‌ಸ್ಪೆಕ್ಟರಮ್ಮ ಹೇಳಿದಳು. ಮುದುಕಿ ಬೆಂಚು ಬಿಟ್ಟು ಎದ್ದು ಬಂದಳು.

"ಅವರೊಬ್ರ ಕೈಲಿ ಆಗುತ್ತಾ ತಾಯಿ? ಅತ್ತ ಹಿಡಿದಿದ್ದು ನಾನು. ನನ್ನ ಹೆಸರೂ ಬರ್ಕೊಳ್ಳಿ."

"ಅಮ್ಮಾ, ಸುಮ್ನೆ ಮನೆಗೆ ಹೋಗಿ."

"ಬಾವಿಗೆ ಬೀಗ ಹಾಕಿದಾರೆ. ಹೋಗಿ ಏನು ಕುಡೀಲಿ?"

ದಫೇದಾರ ಎರಡನೇ ಆರೋಪಿ ಎಂದು ಬರೆದು, ಗಂಡನ ಹೆಸರು ಕೇಳಿದ.